ಸೇತುವೆಯಿಲ್ಲದ ದ್ವೀಪದಲ್ಲಿ ಎರಡು ರಾತ್ರಿ

ಮುಂಬಯಿಯಲ್ಲಿ ನೆಲೆಸಿರುವ ನಮಗೆ ದ್ವೀಪವೆಂಬುದು ಅಪರೂಪದ ವಸ್ತುವೇನಲ್ಲ. ನಾವು ಸಂಸಾರ ಹೂಡಿರುವುದೇ ಏಳು ದ್ವೀಪಗಳನ್ನು ಕೂಡಿಸಿ ಕಟ್ಟಿದ ಊರಿನಲ್ಲಿ. ಆದರೆ ರೈಲು, ಸೇತುವೆ, ಹೆದ್ದಾರಿಗಳು ಬಂದ ಮೇಲೆ ಇದು ದ್ವೀಪವೆಂಬ ಮಾತು, ಮಳೆಗಾಲದಲ್ಲಿ ಹಳಿಗಳು ಮುಳುಗಿ ಲೋಕಲ್ ಗಾಡಿ ನಿಂತ ದಿನ ಮಾತ್ರ ನೆನಪಿಗೆ ಬರುತ್ತದೆ. ನಿಜವಾದ ದ್ವೀಪದ ರುಚಿ ಬೇಕಾದವರು ಗೇಟ್‌ವೇ ಬಳಿ ದೋಣಿ ಹತ್ತಿ ಎಲಿಫೆಂಟಾಕ್ಕೆ ಹೋಗುತ್ತಾರೆ. ಅಲ್ಲಿಯೂ ಕೊನೆಯ ದೋಣಿಯ ವೇಳೆಗೆ ಸರಿಯಾಗಿ ಎಲ್ಲರೂ ಹಿಂದಿರುಗಬೇಕು. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪದಲ್ಲಿಯೂ ಅದೇ ಕಟ್ಟಳೆ. ಸಂಜೆಯ ಮೇಲೆ ಅಲ್ಲಿ ಯಾತ್ರಿಕರಿಗೆ ಎಡೆಯಿಲ್ಲ.

ಕೊನೆಯ ದೋಣಿಯನ್ನು ಬೇಕೆಂದೇ ಕಳುಹಿಸಿಕೊಟ್ಟು, ದ್ವೀಪದಲ್ಲಿಯೇ ಉಳಿದು, ಅಲ್ಲಿಯೇ ಉಂಡು ಮಲಗಿ ಏಳುವುದೆಂದರೆ ಹೇಗಿರಬಹುದು? ಅಂತಹದೊಂದು ಅವಕಾಶ ನನಗೂ ನನ್ನ ಮನೆಯವರಿಗೂ ಒದಗಿದ್ದು ದೂರದ ಕ್ಯಾಲಿಫೋರ್ನಿಯಾದಲ್ಲಿ. ಮಗಳೂ ಅಳಿಯಂದಿರೂ ಅಲ್ಲಿದ್ದಾರೆ. ನಮ್ಮ ಸಂಘದ ಎಷ್ಟೋ ಮನೆಗಳ ಮಕ್ಕಳು ಇಂದು ಅದೇ ಸೀಮೆಯಲ್ಲಿ ಇರುವುದರಿಂದ, ಅಲ್ಲಿಗೆ ಹೋಗುವ ಹಿರಿಯರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ. ಅಲ್ಲಿಯ ದೊಡ್ಡ ಅಂಗಡಿಗಳನ್ನೂ ಆಟದ ತೋಟಗಳನ್ನೂ ಎಲ್ಲರೂ ತೋರಿಸುತ್ತಾರೆ. ಅವುಗಳ ವರ್ಣನೆ ನನಗೆ ಬೇಕಿಲ್ಲ.

ಲಾಸ್ ಏಂಜಲಿಸ್ ನಗರದಿಂದ ವಾಯವ್ಯಕ್ಕೆ ಸುಮಾರು ಎಪ್ಪತ್ತು ಮೈಲಿ ಹೋದರೆ ವೆಂಚುರಾ ಎಂಬ ಬಂದರು ಸಿಗುತ್ತದೆ. ಅದರ ಎದುರಿನ ಸಮುದ್ರದಲ್ಲಿ ಚಾನೆಲ್ ದ್ವೀಪಗಳೆಂಬ ಎಂಟು ದ್ವೀಪಗಳ ಮಾಲೆ ಇದೆ. ಅವುಗಳಲ್ಲಿ ಐದನ್ನು ಸೇರಿಸಿ 1980ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದರು. ಐದಕ್ಕೂ ಸೇತುವೆಯಿಲ್ಲ. ಇವುಗಳಲ್ಲಿ ದೊಡ್ಡದು ಸಾಂತಾ ಕ್ರೂಸ್. ಹೆಸರು ಕೇಳಿದ ಕೂಡಲೆ ನಮಗೆ ನೆನಪಾದದ್ದು ಪಶ್ಚಿಮ ರೈಲ್ವೆಯ ಸಾಂತಾಕ್ರೂಝ್ ಸ್ಟೇಷನ್ನು. ಒಂದು ಸ್ಪ್ಯಾನಿಷರು ಇಟ್ಟ ಹೆಸರು, ಇನ್ನೊಂದು ಪೋರ್ಚುಗೀಸರದು. ಎರಡಕ್ಕೂ ಅರ್ಥ ಪವಿತ್ರ ಶಿಲುಬೆ ಎಂದೇ. ಹೋಲಿಕೆ ಅಲ್ಲಿಗೆ ಮುಗಿಯಿತು. ಈ ದ್ವೀಪದ ವಿಸ್ತಾರ ಸುಮಾರು 96 ಚದರ ಮೈಲಿ, ಎಂದರೆ ಕೊಲಾಬಾದಿಂದ ಮಾಹೀಮಿನವರೆಗಿನ ಹಳೆಯ ಮುಂಬಯಿಯ ಮೂರು ಪಟ್ಟಿಗೂ ಹೆಚ್ಚು. ಇಷ್ಟು ದೊಡ್ಡ ನೆಲದಲ್ಲಿ ಒಂದು ಅಂಗಡಿಯಿಲ್ಲ, ಖಾನಾವಳಿಯಿಲ್ಲ, ಬಾಡಿಗೆಯ ಕೋಣೆಯಿಲ್ಲ. ಮುಕ್ಕಾಲು ಭಾಗ ನೇಚರ್ ಕನ್ಸರ್ವೆನ್ಸಿ ಎಂಬ ಸಂಸ್ಥೆಯ ಒಡೆತನದಲ್ಲಿದೆ. ಪೂರ್ವದ ಕಾಲು ಭಾಗ ಮಾತ್ರ ಉದ್ಯಾನದ್ದು. ಡೇರೆ ಹಾಕುವ ಜಾಗ ಇರುವುದು ಆ ಪೂರ್ವದ ತುದಿಯಲ್ಲಿ, ಸ್ಕಾರ್ಪಿಯನ್ ಎಂಬ ಕೊಲ್ಲಿಯ ಬಳಿ.

ಸ್ಕಾರ್ಪಿಯನ್ ಎಂದರೆ ಚೇಳೆಂದು ಮೊಮ್ಮಗಳು ಬಿಡಿಸಿ ಹೇಳಿದಾಗ ನಮ್ಮ ಮನೆಯವರು ಅಳಿಯಂದಿರ ಮುಖ ನೋಡಿ, "ಚೇಳಿನ ಹೆಸರಿನ ಜಾಗಾನ ಬೇಕಾಗಿತ್ತೇನ್ರೀ ನಿಮಗ?" ಎಂದು ಕೇಳಿದರು. ಅಳಿಯಂದಿರು ನಕ್ಕು ಸುಮ್ಮನಾದರು. ಜಾಗವನ್ನು ತಿಂಗಳುಗಳ ಮೊದಲೇ ಕಾದಿರಿಸಿ ಹಣ ಕಟ್ಟಿಯಾಗಿತ್ತು.

ಇಂತಹ ಬಿಡಾರದ ಅರ್ಧ ಕೆಲಸ ಮನೆಯಲ್ಲಿಯೇ ನಡೆಯುತ್ತದೆ. ಮರೆತದ್ದನ್ನು ಕೊಳ್ಳಲು ಅಲ್ಲಿ ಏನೂ ಸಿಗುವುದಿಲ್ಲ. ಬೆಂಕಿಪೆಟ್ಟಿಗೆ ಮರೆತರೆ ಎರಡು ದಿನ ತಣ್ಣನೆಯ ಊಟವೇ. ಕೊಂಡೊಯ್ದದ್ದನ್ನೆಲ್ಲ ಧಕ್ಕೆಯಿಂದ ಅರ್ಧ ಮೈಲಿ ನಾವೇ ಹೊರಬೇಕು. ಆದ್ದರಿಂದ ಹೆಚ್ಚಿಗೆ ಒಯ್ಯುವಂತೆಯೂ ಇಲ್ಲ. ಸೌದೆಯ ಬೆಂಕಿಗೆ ಕಡ್ಡಾಯ ನಿಷೇಧ. ವರ್ಷದ ಬಹುಭಾಗ ಹುಲ್ಲು ಒಣಗಿ ನಿಂತಿರುವ ದ್ವೀಪದಲ್ಲಿ ಒಂದು ಕಿಡಿ ಹಾರಿದರೆ ಆರಿಸಲು ಬರುವವರು ಕಡಲು ದಾಟಿ ಬರಬೇಕಷ್ಟೆ! ಪುಟ್ಟ ಗ್ಯಾಸಿನ ಒಲೆ ಮಾತ್ರ ನಡೆಯುತ್ತದೆ. ಅದರ ಡಬ್ಬಿಯನ್ನೂ ದೋಣಿಯವರಿಗೆ ಮೊದಲೇ ತೋರಿಸಿ ಬೇರೆಯಾಗಿ ಇಡಿಸಬೇಕು.

ಅಳಿಯಂದಿರು ಅಂಗಡಿಯಿಂದ ತಂದ ಪೊಟ್ಟಣಗಳಲ್ಲಿ ಬಿಸಿನೀರು ಹಾಕಿದರೆ ಊಟವಾಗುವಂತಹ ಒಣ ಪದಾರ್ಥಗಳಿದ್ದವು. ಬೆಲೆ ಕೇಳಿ ನಾನು ಬೆಚ್ಚಿದೆ. ಆಗ ನಮ್ಮ ಮನೆಯವರು ಪೆಟ್ಟಿಗೆಯಿಂದ ತೆಗೆದದ್ದು ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿ, ಪುಟಾಣಿ, ಬೆಲ್ಲ. ವಾಚಕರಲ್ಲಿ ಧಾರವಾಡ, ವಿಜಾಪುರದ ಕಡೆಯವರಿಗೆ ನಾನು ಹೇಳಬೇಕಾದದ್ದಿಲ್ಲ: ಚಕ್ಕಡಿ ಕಟ್ಟಿಕೊಂಡು ಎಲ್ಲಮ್ಮನ ಗುಡ್ಡಕ್ಕೆ ಹೊರಟಾಗ ಅಜ್ಜಿ ಕಟ್ಟುತ್ತಿದ್ದ ಬುತ್ತಿಯಿದು. ವಾರಗಟ್ಟಲೆ ಕೆಡುವುದಿಲ್ಲ, ಒಲೆ ಬೇಡ, ತೂಕವಿಲ್ಲ, ಮುರಿದರೂ ರುಚಿ ಕೆಡದು. ಡೇರೆಯ ವಾಸಕ್ಕೆ ಇದಕ್ಕಿಂತ ಸರಿಯಾದ ಆಹಾರವನ್ನು ಅಮೆರಿಕದ ಯಾವ ಕಾರಖಾನೆಯೂ ತಯಾರಿಸಿಲ್ಲವೆಂದು ನಾನು ಎದೆತಟ್ಟಿ ಹೇಳಬಲ್ಲೆ.

ನಾವು ಹೋದದ್ದು ಸೆಪ್ಟೆಂಬರಿನಲ್ಲಿ. ದೋಣಿಯ ಪ್ರಯಾಣ ಎಲಿಫೆಂಟಾದಷ್ಟೇ, ಸುಮಾರು ಒಂದು ಗಂಟೆ. ಆದರೆ ಕಡಲು ಬೇರೆ. ಅರಬ್ಬೀ ಸಮುದ್ರದ ಬೆಚ್ಚನೆಯ ನೀರನ್ನು ಕಂಡ ನಮಗೆ ಅಲ್ಲಿಯ ಗಾಳಿ ಮುಖಕ್ಕೆ ತಣ್ಣೀರು ಎರಚಿದಂತಾಗುತ್ತದೆ. ಅಲೆ ಎದ್ದ ದಿನ ಹೊಟ್ಟೆ ತೊಳಸುವುದುಂಟು. ಮಾತ್ರೆಯನ್ನು ಹೊರಡುವ ಮೊದಲೇ ನುಂಗಿರಬೇಕು, ತೊಳಸತೊಡಗಿದ ಮೇಲೆ ಉಪಯೋಗವಿಲ್ಲ. ನಡುಗಡಲಿನಲ್ಲಿ ನೂರಾರು ಡಾಲ್ಫಿನ್‌ಗಳು ದೋಣಿಯ ಮೂತಿಯ ಮುಂದೆ ನೆಗೆಯುತ್ತ ಬಂದವು. ಎಲ್ಲರೂ ಒಂದೇ ಪಕ್ಕಕ್ಕೆ ಓಡಿದರು.

ದ್ವೀಪ ಮುಟ್ಟಿದ ಮೇಲೆ ಕಂಡ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ಅಲ್ಲಿ ಕೂಲಿಗಳಿಲ್ಲ. ಪ್ರಯಾಣಿಕರೆಲ್ಲ ಸಾಲಾಗಿ ನಿಂತು, ಮನೆ ಕಟ್ಟುವಲ್ಲಿ ಗಾರೆಯ ಪುಟ್ಟಿ ಸಾಗಿಸುವಂತೆ, ಸಾಮಾನನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಯಾರ ಚೀಲ ಯಾರ ಕೈಯಲ್ಲಿದೆಯೆಂದು ಯಾರೂ ಕೇಳುವುದಿಲ್ಲ. ನನ್ನ ಎಡಕ್ಕೆ ನಿಂತವನು ಡಾಕ್ಟರೋ ಬಡಗಿಯೋ ತಿಳಿಯಲಿಲ್ಲ. ನನ್ನ ನರೆಗೂದಲನ್ನು ನೋಡಿ ಭಾರದ ಪೆಟ್ಟಿಗೆ ಬಂದಾಗಲೆಲ್ಲ ತಾನೇ ಎರಡು ಹೆಜ್ಜೆ ಮುಂದೆ ಬಂದು ನನ್ನನ್ನು ದಾಟಿಸಿ ಕೊಡುತ್ತಿದ್ದ.

ಡೇರೆಯ ಜಾಗ ಒಂದು ಕಣಿವೆಯಲ್ಲಿದೆ. ಸುತ್ತಲೂ ನೀಲಗಿರಿ ಮರಗಳು. ಹಿಂದೆ ಇಲ್ಲಿ ಕುರಿ ಸಾಕುತ್ತಿದ್ದ ಕಾಲದವರು ಆಸ್ಟ್ರೇಲಿಯದ ಈ ಮರವನ್ನು ಇಲ್ಲಿಯೂ ನೆಟ್ಟರು. ನಮ್ಮ ಉದಕಮಂಡಲದಲ್ಲಿಯೂ ಅದೇ ಮರ, ಅದೇ ವಾಸನೆ. ಒಂದೊಂದು ಬಿಡಾರಕ್ಕೂ ಒಂದು ಮೇಜು, ಒಂದು ಗಟ್ಟಿಯಾದ ಮುಚ್ಚಳದ ಪೆಟ್ಟಿಗೆ. ಕುಡಿಯುವ ನೀರಿನ ನಲ್ಲಿಯುಂಟು, ಗುಂಡಿಯ ಪಾಯಖಾನೆಯುಂಟು. ಇದು ಸುಖದ ಮಟ್ಟಿಗೆ ಅರಮನೆಯೇ ಸರಿ. ಪಕ್ಕದ ಅನಕಾಪಾ ದ್ವೀಪದಲ್ಲಿ ಡೇರೆ ಹಾಕುವವರು ನೀರನ್ನೂ ಹೊತ್ತು 157 ಮೆಟ್ಟಿಲು ಹತ್ತಬೇಕು. ಮುದುಕರಿಗೆ ಅದನ್ನು ನಾನು ಹೇಳಲಾರೆ. ಕಸದ ತೊಟ್ಟಿ ಮಾತ್ರ ಎಲ್ಲಿಯೂ ಇಲ್ಲ. ಹಣ್ಣಿನ ಸಿಪ್ಪೆ ಸಹ ನಮ್ಮ ಚೀಲದಲ್ಲಿಯೇ ವಾಪಸು ಬರಬೇಕು.

ಇಳಿದ ಕೂಡಲೇ ಉದ್ಯಾನದವರು ಎಲ್ಲರನ್ನೂ ನಿಲ್ಲಿಸಿ ಹೇಳಿದ ಮಾತುಗಳಲ್ಲಿ ಮುಖ್ಯವಾದದ್ದು ಆ ಪೆಟ್ಟಿಗೆಯ ಸಂಗತಿ. ತಿನ್ನುವ ವಸ್ತು, ಸಾಬೂನು, ಹಲ್ಲಿನ ಪೇಸ್ಟು, ವಾಸನೆಯಿರುವ ಯಾವುದೂ ಹೊರಗಿರಬಾರದು. ಇಲ್ಲಿಯ ಇಲಿಗಳಲ್ಲಿ ಹಾಂಟಾ ವೈರಸ್ ಎಂಬ ರೋಗದ ಬೀಜವಿದೆ; ಅದು ಒಂದು ಕಾರಣ. ಕಾಡುಕಾಗೆಗಳು ಎರಡನೆಯದು. ನಮ್ಮ ಕಾಗೆಗಿಂತ ಒಂದೂವರೆ ಪಾಲು ದೊಡ್ಡದಾದ ಈ ಹಕ್ಕಿ ಚೀಲದ ಜಿಪ್ಪನ್ನು ಕೊಕ್ಕಿನಿಂದ ಎಳೆದು ತೆರೆಯಬಲ್ಲದೆಂದಾಗ ನಾನು ನಂಬಲಿಲ್ಲ. ಅರ್ಧ ಗಂಟೆಯೊಳಗೆ ಪಕ್ಕದ ಬಿಡಾರದ ಚೀಲವೊಂದರಿಂದ ಬಿಸ್ಕತ್ತಿನ ಪೊಟ್ಟಣ ಹೊರಟು ಮರ ಏರಿತು. ಮೂರನೆಯ ಕಾರಣ, ನರಿ.

ನರಿಯೆಂದರೆ ಊರಾಚೆ ರಾತ್ರಿ ಊಳಿಡುವ ನಮ್ಮ ನರಿಯಲ್ಲ. ಈ ದ್ವೀಪಗಳ ನರಿ ಒಂದು ಮನೆಬೆಕ್ಕಿನಷ್ಟೇ ದೊಡ್ಡದು; ತೂಕ ನಾಲ್ಕೈದು ಪೌಂಡು. ಬೆನ್ನು ಬೂದುಬಣ್ಣ, ಕತ್ತು ಮತ್ತು ಪಕ್ಕೆಗಳು ಕಾವಿ. ಜಗತ್ತಿನಲ್ಲಿ ಇನ್ನೆಲ್ಲಿಯೂ ಇದು ಇಲ್ಲ. ಆರು ದ್ವೀಪಗಳಲ್ಲಿ ಮಾತ್ರ ಇದೆ, ಒಂದೊಂದು ದ್ವೀಪದ್ದೂ ಬೇರೆ ಬೇರೆ ಉಪಜಾತಿ. ಹಗಲಿನಲ್ಲಿಯೇ ತಿರುಗಾಡುತ್ತದೆ, ಮನುಷ್ಯರಿಗೆ ಹೆದರುವುದಿಲ್ಲ. ನಾವು ರೊಟ್ಟಿ ಬಿಚ್ಚಿದೆವೋ ಇಲ್ಲವೋ, ಒಂದು ನರಿ ಮೇಜಿನ ಪಕ್ಕಕ್ಕೆ ಬಂದು, ಮುಂಗಾಲು ಜೋಡಿಸಿ, ಮನೆಯ ನಂಟನಂತೆ ಕುಳಿತಿತು.

ನಮ್ಮ ಮನೆಯವರ ಕೈ ತಾನಾಗಿಯೇ ರೊಟ್ಟಿಯ ತುಣುಕಿನತ್ತ ಹೋಯಿತು. ಊಟಕ್ಕೆ ಮೊದಲು ಕಾಗೆಗೆ ಅಗುಳು, ಹಸುವಿಗೆ ತುತ್ತು ತೆಗೆದಿಡುವ ಮನೆಯಲ್ಲಿ ಬೆಳೆದ ಕೈ ಅದು. ಮೊಮ್ಮಗಳು ಓಡಿಬಂದು, "ಬ್ಯಾಡ ಅಜ್ಜಿ! ಕೊಟ್ಟರ ದಂಡ ಹಾಕತಾರ!" ಎಂದು ಆ ಕೈ ಹಿಡಿದಳು. "ಕೇಳಾಕ ಬಂದ ಜೀವಕ್ಕ ಇಲ್ಲ ಅಂತ ಹೇಳಿ ನಾವು ತಿನ್ನೂದು ಹೆಂಗಲೇ?" ಎಂದು ಅವರು. ಅಜ್ಜಿಯ ಕಣ್ಣಲ್ಲಿ ನೀರೇ ಬಂದಿತ್ತು. ದಂಡದ ಮಾತಿನಿಂದ ಅವರು ಸಮಾಧಾನಗೊಳ್ಳುವವರಲ್ಲ. ಆ ಸಂಜೆ ನನ್ನ ಅಳಿಯಂದಿರು ಹೇಳಿದ ಈ ನರಿಯ ಕಥೆ ಮಾತ್ರ ಅವರನ್ನು ಮುಟ್ಟಿತು. ಅದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹಳೆಯ ಕಾಲದಿಂದ ಈ ದ್ವೀಪಗಳಲ್ಲಿ ಬಿಳಿತಲೆಯ ಹದ್ದುಗಳು ಗೂಡು ಕಟ್ಟುತ್ತಿದ್ದವು. ಅವುಗಳ ಮುಖ್ಯ ಆಹಾರ ಮೀನು. ನರಿಗಳ ಗೊಡವೆಗೆ ಅವು ಹೋಗುತ್ತಿರಲಿಲ್ಲ. ಆದರೆ ಬೇರೆ ಹದ್ದು ತಮ್ಮ ಸೀಮೆಗೆ ಬಂದರೆ ಬಡಿದೋಡಿಸುತ್ತಿದ್ದವು. 1940ರ ದಶಕದ ಕೊನೆಯಿಂದ ಲಾಸ್ ಏಂಜಲಿಸ್ ಬಳಿಯ ಕಾರಖಾನೆಯೊಂದರ ಡಿ.ಡಿ.ಟಿ. ವಿಷ ಚರಂಡಿಗಳ ಮೂಲಕ ಕಡಲಿಗೆ ಸೇರತೊಡಗಿತು. 1950ರ ದಶಕದಲ್ಲಿ ಮಲೇರಿಯಾ ಸೊಳ್ಳೆಗೆಂದು ನಮ್ಮ ಹಳ್ಳಿಗಳ ಗೋಡೆಗಳಿಗೆ ಹೊಡೆಯುತ್ತಿದ್ದರಲ್ಲ, ಅದೇ ಡಿ.ಡಿ.ಟಿ. ವಿಷ ಮೀನಿನೊಳಗೆ ಹೋಯಿತು, ಮೀನು ಹದ್ದಿನೊಳಗೆ ಹೋಯಿತು, ಹದ್ದಿನ ಮೊಟ್ಟೆಯ ಓಡು ತೆಳ್ಳಗಾಗಿ ಕಾವಿಗೆ ಕೂತರೆ ಒಡೆಯತೊಡಗಿತು. 1960ರ ದಶಕದ ಆರಂಭದ ಹೊತ್ತಿಗೆ ದ್ವೀಪಗಳಲ್ಲಿ ಬಿಳಿತಲೆಯ ಹದ್ದೇ ಇಲ್ಲವಾಯಿತು.

ಕಾವಲುಗಾರ ಹೋದ ಮನೆಗೆ ಯಾರಾದರೂ ನುಗ್ಗಬೇಕಷ್ಟೆ. 1990ರ ದಶಕದಲ್ಲಿ ದೊಡ್ಡ ನೆಲದಿಂದ ಬಂಗಾರದ ಹದ್ದುಗಳು ಹಾರಿಬಂದು ನೆಲೆಸಿದವು. ಇವು ಬೇಟೆಗಾರ ಹಕ್ಕಿಗಳು. ಇವುಗಳಿಗೆ ಇಲ್ಲಿ ವರ್ಷವಿಡೀ ಅನ್ನ ಒದಗಿಸಿದ್ದು ಕಾಡುಹಂದಿಯ ಮರಿಗಳು. ಆ ಹಂದಿಗಳೂ ದ್ವೀಪದವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬೇಸಾಯಗಾರರು ತಂದು ಬಿಟ್ಟವುಗಳ ಸಂತಾನ. ಹಂದಿಮರಿ ಹಿಡಿಯಲು ಬಂದ ಹದ್ದಿಗೆ, ಹಗಲಿನಲ್ಲಿ ಬಯಲಿನಲ್ಲಿ ನಿರ್ಭಯವಾಗಿ ಓಡಾಡುವ ನರಿ ಅನಾಯಾಸದ ತುತ್ತಾಯಿತು. ಸಾವಿರಾರು ವರ್ಷ ಆಕಾಶದಿಂದ ಶತ್ರು ಬಂದದ್ದನ್ನು ಕಾಣದ ಪ್ರಾಣಿಗೆ ತಲೆಯೆತ್ತಿ ನೋಡುವ ಅಭ್ಯಾಸವೇ ಇರಲಿಲ್ಲ. ಸಾಂತಾ ಕ್ರೂಸಿನಲ್ಲಿ ಸಾವಿರಕ್ಕೆ ಮೀರಿದ್ದ ನರಿಗಳು ಕೆಲವೇ ವರ್ಷಗಳಲ್ಲಿ ನೂರಕ್ಕೂ ಕೆಳಗಿಳಿದವು. ಸಾನ್ ಮಿಗೆಲ್ ಎಂಬ ನೆರೆಯ ದ್ವೀಪದಲ್ಲಿ 1999ರಲ್ಲಿ ಉಳಿದದ್ದು 15.

ಆಮೇಲೆ ನಡೆದ ಕೆಲಸ ದೊಡ್ಡದು. ಉಳಿದ ನರಿಗಳಲ್ಲಿ ಕೆಲವನ್ನು ಹಿಡಿದು, ಜಾಲರಿಯ ಮನೆಗಳಲ್ಲಿಟ್ಟು ಮರಿ ಮಾಡಿಸಿದರು. ಬಂಗಾರದ ಹದ್ದುಗಳನ್ನು, ನಲವತ್ತಕ್ಕೂ ಹೆಚ್ಚು, ಜೀವಸಹಿತ ಹಿಡಿದು ದೂರ ಸಾಗಿಸಿದರು. ಬಿಳಿತಲೆಯ ಹದ್ದಿನ ಮರಿಗಳನ್ನು 2002ರಿಂದ ಮತ್ತೆ ತಂದು ಬಿಟ್ಟರು. 2006ರಲ್ಲಿ ಸಾಂತಾ ಕ್ರೂಸಿನ ಗೂಡೊಂದರಲ್ಲಿ ತಾನಾಗಿ ಮೊಟ್ಟೆಯೊಡೆದು ಮರಿ ಹೊರಬಂದದ್ದು ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ಮೇಲೆ. ಹಂದಿಗಳನ್ನು ಮಾತ್ರ ಕೊಂದರು. 2005 ಮತ್ತು 2006ರಲ್ಲಿ, ಐದು ಸಾವಿರಕ್ಕೂ ಹೆಚ್ಚು. ಇದನ್ನು ತಡೆಯಬೇಕೆಂದು ನ್ಯಾಯಾಲಯಕ್ಕೆ ಹೋದವರೂ ಇದ್ದರು. ಒಂದು ಪ್ರಾಣಿಯನ್ನು ಉಳಿಸಲು ಇನ್ನೊಂದನ್ನು ಕೊಲ್ಲುವ ಲೆಕ್ಕ ನನ್ನ ಮನಸ್ಸಿಗೂ ಸುಲಭವಾಗಿ ಇಳಿಯಲಿಲ್ಲ. ತಂದು ಬಿಟ್ಟವರು ಮನುಷ್ಯರು, ದಂಡ ತೆತ್ತದ್ದು ಹಂದಿ. ಆದರೂ ಕಣ್ಣೆದುರಿಗೆ ಕುಳಿತ ನರಿಯನ್ನು ನೋಡಿದಾಗ ಬೇರೆ ದಾರಿ ಯಾವುದಿತ್ತೆಂದು ಹೇಳಲು ನನ್ನಿಂದಾಗಲಿಲ್ಲ. 2004ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿದ ಈ ನರಿಗಳನ್ನು, ಉತ್ತರದ ಮೂರು ದ್ವೀಪಗಳ ಮಟ್ಟಿಗೆ, 2016ರಲ್ಲಿ ಆ ಪಟ್ಟಿಯಿಂದ ತೆಗೆದರು. ಅಮೆರಿಕದಲ್ಲಿ ಆ ಕಾನೂನಿನ ಆಶ್ರಯ ಪಡೆದ ಇನ್ನಾವ ಸಸ್ತನಿಯೂ ಅಷ್ಟು ಬೇಗ ಚೇತರಿಸಿಕೊಂಡಿರಲಿಲ್ಲ. ಆ ಹೊತ್ತಿಗೆ ಸಾಂತಾ ಕ್ರೂಸಿನಲ್ಲಿ ಅವುಗಳ ಸಂಖ್ಯೆ ಎರಡು ಸಾವಿರದ ಆಸುಪಾಸಿಗೆ ಬಂದಿತ್ತು.

"ಹಂಗಾದರ ಅದು ತಿನ್ನೂದೇನು?" ಎಂದು ನಮ್ಮ ಮನೆಯವರು ಕೇಳಿದರು. ಇಲಿ, ಮಿಡತೆ, ಪಾಪಸುಕಳ್ಳಿಯ ಹಣ್ಣು, ಪೊದೆಗಳ ಕಾಯಿ, ದಂಡೆಯ ಏಡಿ. ಮನುಷ್ಯರ ಕೈನೋಡಿ ಕೂರುವುದನ್ನು ಕಲಿತ ನರಿ ಇವನ್ನು ಹುಡುಕುವುದು ಬಿಡುತ್ತದೆ. ಚಳಿಗಾಲದಲ್ಲಿ ಬಿಡಾರಗಳು ಖಾಲಿಯಾದಾಗ ಅದರ ಗತಿಯೇನು? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ರೊಟ್ಟಿಯ ಗಂಟನ್ನು ಪೆಟ್ಟಿಗೆಯಲ್ಲಿಟ್ಟು ಅಗುಳಿ ಹಾಕಿದರು. ಮರುದಿನವೂ ಅದೇ ನರಿ ಬಂದಿತು. ಅವರು ಅದಕ್ಕೆ ಏನೂ ಕೊಡಲಿಲ್ಲ. ಅದರೊಡನೆ ಕನ್ನಡದಲ್ಲಿ ಬಹಳ ಹೊತ್ತು ಮಾತನಾಡಿದರು.

ಎರಡನೆಯ ದಿನ ಬೆಳಿಗ್ಗೆ ಬಂಡೆಯ ಅಂಚಿನ ದಾರಿಯಲ್ಲಿ ಕ್ಯಾವರ್ನ್ ಪಾಯಿಂಟ್ ಎಂಬಲ್ಲಿಗೆ ನಡೆದೆವು. ಹೋಗಿಬರಲು ಎರಡು ಮೈಲಿ. ಮೊದಲ ಏರು ಮಾತ್ರ ಕಷ್ಟ. ಮೇಲಿನಿಂದ ನೋಡಿದರೆ ನೇರ ಕೆಳಗೆ ಕಡಲು, ನೀರಿನೊಳಗೆ ಕಂದುಬಣ್ಣದ ಪಾಚಿಯ ಕಾಡು, ಆಚೆಗೆ ಮಂಜಿನ ಹಿಂದೆ ಅಮೆರಿಕದ ದೊಡ್ಡ ನೆಲ. ಈ ನೆಲದ ಮೂಲ ನಿವಾಸಿಗಳು ಚುಮಾಷ್ ಜನ. ದ್ವೀಪಕ್ಕೆ ಅವರ ಹೆಸರು ಲಿಮೂ. ಕಡಲು ತೇಲಿಸಿಕೊಂಡು ಬಂದ ಮರದ ದಿಮ್ಮಿಗಳನ್ನು ಸೀಳಿ, ಹಲಗೆಗಳನ್ನು ನಾರಿನಿಂದ ಹೊಲಿದು, ಸಂದುಗಳಿಗೆ ನೆಲದಿಂದ ಒಸರುವ ಡಾಂಬರನ್ನೂ ಮರದ ಅಂಟನ್ನೂ ಕಾಯಿಸಿ ಮೆತ್ತಿ, ತೊಮೊಲ್ ಎಂಬ ದೋಣಿ ಕಟ್ಟುತ್ತಿದ್ದರು. ದ್ವೀಪದಲ್ಲಿ ಕಪ್ಪೆಚಿಪ್ಪಿನ ಮಣಿಗಳನ್ನು ಕೊರೆದು, ಅದನ್ನೇ ನಾಣ್ಯವಾಗಿ ದೊಡ್ಡ ನೆಲದವರೊಡನೆ ವ್ಯಾಪಾರ ನಡೆಸುತ್ತಿದ್ದರು.

ಅವರಲ್ಲಿ ಒಂದು ಕಥೆಯಿದೆ. ಭೂಮಿತಾಯಿ ಹೂತಾಶ್ ಮೊದಲ ಜನರನ್ನು ಈ ದ್ವೀಪದಲ್ಲಿ ಹುಟ್ಟಿಸಿದಳು. ಜನ ಹೆಚ್ಚಿದರು, ಗದ್ದಲಕ್ಕೆ ಅವಳಿಗೆ ನಿದ್ದೆ ಬಾರದಾಯಿತು. (ಮುಂಬಯಿಯ ಚಾಳಿನಲ್ಲಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ.) ಕೆಲವರು ಆಚೆಯ ನೆಲಕ್ಕೆ ಹೋಗಲೆಂದು ಕಾಮನಬಿಲ್ಲಿನ ಸೇತುವೆ ಕಟ್ಟಿದಳು. ನಡೆಯುವಾಗ ಕೆಳಗೆ ನೋಡಬೇಡಿರೆಂದಳು. ನೋಡಿದವರು ತಲೆ ತಿರುಗಿ ಬಿದ್ದರು. ಮುಳುಗದಿರಲೆಂದು ಅವರನ್ನು ಡಾಲ್ಫಿನ್‌ಗಳನ್ನಾಗಿ ಮಾಡಿದಳು. ಆದ್ದರಿಂದ ಡಾಲ್ಫಿನ್‌ಗಳು ತಮ್ಮ ಒಡಹುಟ್ಟಿದವರೆಂದು ಚುಮಾಷ್ ಜನ ಹೇಳುತ್ತಾರೆ. ಬರುವಾಗ ದೋಣಿಯ ಮುಂದೆ ನೆಗೆದವುಗಳನ್ನು ನೆನೆದು ಮೊಮ್ಮಗಳು ಕಣ್ಣರಳಿಸಿ ಕೇಳಿದಳು. ಬಿಳಿಯರ ಧರ್ಮಶಾಲೆಗಳೂ ಅವರು ತಂದ ರೋಗಗಳೂ ಸೇರಿ, 1820ರ ದಶಕದ ಹೊತ್ತಿಗೆ ದ್ವೀಪದಲ್ಲಿ ಚುಮಾಷರ ಒಂದು ಹಳ್ಳಿಯೂ ಉಳಿಯಲಿಲ್ಲ. 2001ರಲ್ಲಿ ಅವರ ವಂಶದವರು ಮತ್ತೆ ತೊಮೊಲ್ ಕಟ್ಟಿ, ಹುಟ್ಟು ಹಾಕುತ್ತ ಈ ಕಾಲುವೆಯನ್ನು ದಾಟಿ ಲಿಮೂ ಮುಟ್ಟಿದರು. ಆ ಮೇಲೆಯೂ ಹಲವು ವರ್ಷ ಆ ಯಾತ್ರೆ ನಡೆದಿದೆ.

ರಾತ್ರಿಯ ವಿಷಯ ಹೆಚ್ಚು ಹೇಳಲಾರೆ. ಚಳಿ ಇತ್ತು, ಕತ್ತಲಿತ್ತು, ದೂರದ ಬಂಡೆಗಳಿಂದ ಕಡಲಸಿಂಹಗಳ ಕೂಗು ಕೇಳುತ್ತಿತ್ತು. ನಕ್ಷತ್ರಗಳನ್ನು ಇಷ್ಟು ದಟ್ಟವಾಗಿ ನಾನು ಬಾಲ್ಯದಲ್ಲಿ ಕಣದಲ್ಲಿ ಮಲಗಿದಾಗ ಕಂಡಿದ್ದೆ.

ಹೋಗುವ ಮನಸ್ಸುಳ್ಳವರಿಗೆ ಎರಡು ಮಾತು. ಆಗಸ್ಟ್ ಕೊನೆಯಿಂದ ಅಕ್ಟೋಬರಿನವರೆಗೆ ಕಡಲು ಸಾಮಾನ್ಯವಾಗಿ ಸೌಮ್ಯ. ವಸಂತದಲ್ಲಿ ಹೂವು ಹೆಚ್ಚು, ಗಾಳಿಯೂ ಹೆಚ್ಚು. ಮೊದಲು ದೋಣಿಯಲ್ಲಿ ಸ್ಥಳವಿದೆಯೇ ನೋಡಿಕೊಂಡು, ಆಮೇಲೆ ಡೇರೆಯ ಜಾಗಕ್ಕೆ ಹಣ ಕಟ್ಟಿರಿ. ಮಂಡಿನೋವಿನವರು ನೆಲದ ಹಾಸಿಗೆಯನ್ನು ದಪ್ಪನೆಯದನ್ನೇ ಒಯ್ಯಿರಿ. ಔಷಧಿ ಎರಡು ದಿನದ್ದು ಹೆಚ್ಚಿಗಿರಲಿ. ಅಲ್ಲಿ ವೈದ್ಯರಿಲ್ಲ, ಫೋನು ನಡೆಯುತ್ತದೆಂದು ನೆಚ್ಚುವಂತಿಲ್ಲ. ಗಾಳಿ ಎದ್ದರೆ ಹೇಳಿದ ದಿನ ದೋಣಿ ಬರಲಾರದು. ಆದ್ದರಿಂದ ಒಂದು ದಿನದ ಬುತ್ತಿಯನ್ನು ಮುಟ್ಟದೆ ಕಾದಿಡಬೇಕು.

ನಮ್ಮ ದೋಣಿ ಹೇಳಿದ ವೇಳೆಗೇ ಬಂದಿತು. ಕಾದಿಟ್ಟ ರೊಟ್ಟಿಗಳು ಹಾಗೆಯೇ ಉಳಿದಿದ್ದವು. ಹಿಂದಿರುಗುವಾಗ, ಸಾಲಿನಲ್ಲಿ ನನ್ನ ಭಾರ ಹೊತ್ತಿದ್ದ ಆ ಮನುಷ್ಯ ಎದುರಿಗೆ ಕುಳಿತಿದ್ದ. ನಮ್ಮ ಮನೆಯವರು ಒಂದು ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಇಟ್ಟು ಅವನ ಕೈಗೆ ಕೊಟ್ಟರು. ಅವನು ಅದನ್ನು ತಿಂದು, ಇದೇನೆಂದು ಕೇಳಿ, ಇನ್ನೊಂದನ್ನು ಕೇಳಿ ಪಡೆದ. ವೆಂಚುರಾ ಬರುವ ಹೊತ್ತಿಗೆ ಗಂಟು ಖಾಲಿಯಾಗಿತ್ತು.